ಅಜ್ಜನ ಟ್ರಂಕಿನ ನೋಟುಗಳು

ಪ್ರಶ್ನೆ: ಕಾಕಾ, ಅಜ್ಜನ ಟ್ರಂಕಿನಲ್ಲಿ ಗುಳೇದಗುಡ್ಡ ಖಣದಲ್ಲಿ ಸುತ್ತಿಟ್ಟ ನೋಟುಗಳು ಸಿಕ್ಕಿವೆ. ಆರನೇ ಜಾರ್ಜ್ ಇರುವ 1940ರ ಒಂದು ರೂಪಾಯಿ, ಸಂಖ್ಯೆಯ ಕೊನೆಗೆ 786 ಇರುವ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ, 2016ರಲ್ಲಿ ರದ್ದಾದ ಐನೂರರ ಒಂಬತ್ತು ನೋಟು. ಐದರ ನೋಟಿಗೆ ಐದು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿಗೆ 2,100 ಕಳಿಸಿ ಎಂದು ಫೋನ್ ಬಂದಿದೆ. ರಿಸರ್ವ್ ಬ್ಯಾಂಕಿನ ಪತ್ರವನ್ನೂ ತೋರಿಸಿದ್ದಾರೆ. ಕಳಿಸಲೇ? ಜಾರ್ಜ್ ನೋಟಿಗೆ ಇಸ್ತ್ರಿ ಮಾಡಬಹುದೇ?
– ಓದುಗರು, ಇಳಕಲ್

ಉತ್ತರ: ತಂಗೀ, ಒಂದು ಪೈಸೆಯನ್ನೂ ಕಳಿಸಬೇಡಿ. ಆ ಪತ್ರ ಖೋಟಾ. ಹಳೆಯ ನೋಟು, ನಾಣ್ಯಗಳ ವ್ಯವಹಾರದಲ್ಲಿ ತಾನಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಇಂಥದೇ ಪತ್ರ ಹಿಡಿದು ಬೆಳಗಾವಿಯ ನನ್ನ ಮನೆಗೆ ನಿವೃತ್ತ ಶಿಕ್ಷಕರೊಬ್ಬರು ಬಂದಿದ್ದರು. ಅಷ್ಟರಲ್ಲಿ ಮೂರು ಸಲ ಹಣ ಕಟ್ಟಿಯಾಗಿತ್ತು. ಅವರ ಮುಖ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

786 ಶುಭವೆಂದು ನಾಲ್ಕು ಕಾಸು ಹೆಚ್ಚು ಕೊಡುವವರಿದ್ದಾರೆ. ಆದರೆ ಸಾವಿರ ನೋಟು ಅಚ್ಚಾದರೆ ಒಂದರ ಕೊನೆಗೆ ಆ ಅಂಕಿ ಬಂದೇ ಬರುತ್ತದೆ. ಅದಕ್ಕೆ ಲಕ್ಷಗಳ ಮಾತು ಸುಳ್ಳು.

ಜಾರ್ಜ್ ನೋಟು ಹಳೆಯದು ನಿಜ, ಅಪರೂಪದ್ದಲ್ಲ. ಯುದ್ಧಕಾಲದಲ್ಲಿ ಬೆಳ್ಳಿಗೆ ಬರ ಬಂದು, ನಿಂತುಹೋಗಿದ್ದ ಒಂದು ರೂಪಾಯಿ ನೋಟನ್ನು 1940ರಲ್ಲಿ ಮತ್ತೆ ತಂದರು, ರಾಶಿಗಟ್ಟಲೆ ಅಚ್ಚಾದವು. ಹಾಗಾಗಿ ಬೆಲೆ ನಿಲ್ಲುವುದು ನೋಟಿನ ಸ್ಥಿತಿಯ ಮೇಲೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಡಿಕೆಯ ಗೆರೆಯಲ್ಲಿ ಬಣ್ಣ ಸವೆದಿದೆಯೇ? ಮೂಲೆಗಳು ಇನ್ನೂ ಚೂಪಾಗಿವೆಯೇ? ಎಡಬದಿಯ ಪಿನ್ನಿನ ತೂತಿಗೆ ಗಾಬರಿ ಬೇಡ. ಆಗ ನೋಟಿನ ಕಟ್ಟಿಗೆ ಬ್ಯಾಂಕಿನಲ್ಲೇ ಪಿನ್ ಹೊಡೆಯುತ್ತಿದ್ದರು, ಕ್ಯಾಷ್ ಕೌಂಟರಿನಲ್ಲಿ ಕುಳಿತು ನಾನೂ ಹೊಡೆದಿದ್ದೇನೆ. ಇಸ್ತ್ರಿ ಮಾತ್ರ ಖಂಡಿತ ಬೇಡ. ಕಾಗದದ ಗರಿಗರಿ, ಅಚ್ಚಿನ ಉಬ್ಬು ಎರಡೂ ಹೋಗುತ್ತವೆ, ಪಳಗಿದ ಬೆರಳಿಗೆ ಅದು ಮುಟ್ಟಿದೊಡನೆ ತಿಳಿಯುತ್ತದೆ. ತೊಳೆಯುವುದು, ಟೇಪ್ ಅಂಟಿಸುವುದೂ ಬೇಡ.

ಐನೂರರ ನೋಟು ಒಂಬತ್ತೇ ಇರುವುದರಿಂದ ಚಿಂತೆಯಿಲ್ಲ. 2017ರ ಕಾಯ್ದೆ ಹತ್ತರವರೆಗೆ ಇಟ್ಟುಕೊಳ್ಳಲು ಬಿಡುತ್ತದೆ.

ಟ್ರಂಕನ್ನು ಇನ್ನೊಮ್ಮೆ ಜಾಲಾಡಿ. ಬಿ.ಎನ್. ಆಡಾರಕರ್ 1970ರಲ್ಲಿ ಕೇವಲ 42 ದಿನ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಅವರ ಸಹಿಯ ನೋಟನ್ನು ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಮಾರುವುದಾದರೆ ಹೇಳುವ ಬೆಲೆ ಕೇಳಬೇಡಿ, ಹರಾಜಿನಲ್ಲಿ ನಿಜವಾಗಿ ಮಾರಿಹೋದ ಬೆಲೆ ನೋಡಿ. ಇಬ್ಬರು ಮೂವರಿಗೆ ತೋರಿಸಿ, ಯಾರ ಬಳಿಯೂ ನೋಟು ಬಿಟ್ಟು ಬರಬೇಡಿ. ಖಣದಲ್ಲಿ ಮತ್ತೆ ಸುತ್ತಬೇಡಿ, ಮಳೆಗಾಲದ ಥಂಡಿಗೆ ಬಣ್ಣ ಬಿಟ್ಟೀತು.