ಪಹಣಿಯಲ್ಲಿ ಬೇರೆಯವರ ಹೆಸರು ಬಂದರೆ ತೋಟ ಕೈತಪ್ಪಿದಂತೆಯೇ?

ಪ್ರಶ್ನೆ: ದಿವಂಗತ ತಂದೆಯವರು 1988ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ 22 ಗುಂಟೆ ಅಡಿಕೆ ತೋಟ ಕೊಂಡಿದ್ದರು. ಅಂದಿನಿಂದ ತೋಟ ಮಾಡುತ್ತಿರುವವರು ನಾವೇ. ಆದರೆ ಖಾತೆ ಬದಲಾಗಿರಲಿಲ್ಲ. ಕಳೆದ ವರ್ಷ, ಮಾರಿದವರ ಮಕ್ಕಳು ವಾರಸಾ ಮಾಡಿಸಿ ಪಹಣಿಗೆ ತಮ್ಮ ಹೆಸರು ತಂದುಕೊಂಡರು. ಈ ಸಲ ಕೊನೆಕೊಯ್ಲಿಗೂ ಅಡ್ಡ ಬಂದರು. ತಡೆಯಾಜ್ಞೆ ತಂದರೆ ಸಾಕೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಸಾಲದು. ತೋಟದ ಒಡೆತನ ನಿಮ್ಮದೆಂಬ ಘೋಷಣೆಯನ್ನೂ ಅದರ ಜೊತೆ ಶಾಶ್ವತ ನಿರ್ಬಂಧಕಾಜ್ಞೆಯನ್ನೂ ಒಂದೇ ದಾವೆಯಲ್ಲಿ ಕೇಳಿ. ಎದುರಿನವರು ನಿಮ್ಮ ಹಕ್ಕನ್ನೇ ಅಲ್ಲಗಳೆದು ಪಹಣಿ ಹಿಡಿದು ನಿಂತಾಗ ಬರೀ ತಡೆಯಾಜ್ಞೆಯ ದಾವೆ ನಿಲ್ಲುವುದು ಕಷ್ಟ. ಅನತುಲ ಸುಧಾಕರ್ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಘೋಷಣೆಗೆ ಇರುವ ಅವಧಿ, ದಾವೆ ಹೂಡುವ ಹಕ್ಕು ಮೊದಲು ಹುಟ್ಟಿದ ದಿನದಿಂದ ಕೇವಲ 3 ವರ್ಷ. ಹಾಗಾಗಿ ರಾಜಿ ಮಾತುಕತೆ ನಡೆಯುತ್ತಿದೆ ಎಂದು ದಿನ ದೂಡಬೇಡಿ. ಅಷ್ಟರಲ್ಲಿ ಅವರು ನಿಮ್ಮನ್ನು ತೋಟದಿಂದ ಹೊರಹಾಕಿದರೆ ಸ್ವಾಧೀನವನ್ನೂ ಕೇಳಲೇಬೇಕು. ಕೇಳದಿದ್ದರೆ ಘೋಷಣೆಯೂ ಸಿಗದು.

ಪಹಣಿಯ ನಮೂದು ಸರಿ ಎಂದು ಕಾನೂನು ಊಹಿಸಿಕೊಳ್ಳುತ್ತದೆ, ಅದು ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ (ಭೂಕಂದಾಯ ಕಾಯ್ದೆ, ಕಲಂ 133). ಮಾರಿದವರ ಹಕ್ಕು 1988ರಲ್ಲೇ ನಿಮ್ಮ ತಂದೆಗೆ ದಾಟಿತು. ಅವರಲ್ಲಿ ಉಳಿಯದೇ ಇದ್ದದ್ದು ಅವರ ಮಕ್ಕಳಿಗೆ ವಾರಸಾದಿಂದ ಬರುವುದಿಲ್ಲ. ವಾರಸಾ ನಮೂದಿನ ವಿರುದ್ಧ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಲು ಅವಕಾಶವಿದೆ, ಆದರೆ ಒಡೆತನ ಯಾರದ್ದೆಂದು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯವೇ.

ಉಪನೋಂದಣಾಧಿಕಾರಿ ಕಚೇರಿಯಿಂದ ಕ್ರಯಪತ್ರದ ದೃಢೀಕೃತ ನಕಲು, 1988ರಿಂದ ಇಂದಿನವರೆಗಿನ ಋಣಭಾರ ಪತ್ರ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೈಬರಹದ ಹಳೆಯ ಪಹಣಿಗಳು, ವಾರಸಾದ ಮ್ಯುಟೇಶನ್ ಪ್ರತಿ, ಟಿಪ್ಪಣಿ, ಆಕಾರಬಂದ್ (ಅಳತೆ, ವಿಸ್ತೀರ್ಣದ ಸರ್ವೆ ದಾಖಲೆಗಳು) ತೆಗೆಸಿ. ಸ್ವಾಧೀನಕ್ಕೆ ಸಹಕಾರಿ ಸಂಘದಲ್ಲಿ ಅಡಿಕೆ ವಿಕ್ರಿ ಮಾಡಿದ ಪಟ್ಟಿಗಳು ಒಳ್ಳೆಯ ಸಾಕ್ಷ್ಯ; ಹಳೆಯವೆಂದು ಒಂದನ್ನೂ ಬಿಸಾಡಬೇಡಿ.

ಹೆಚ್ಚು ಎಡವುವುದು ಆಸ್ತಿಯ ವಿವರಣೆಯಲ್ಲಿ. ಕ್ರಯಪತ್ರದ ನಂತರ ಪೋಡಿಯಾಗಿ (ಸರ್ವೆ ನಂಬರ್ ಭಾಗವಾಗಿ) ಹಿಸ್ಸೆ ನಂಬರ್ ಬದಲಾಗಿರಬಹುದು, ಚಕ್ಕುಬಂದಿಯಲ್ಲಿ ಬರೆದ ಪಕ್ಕದ ಮಾಲೀಕರೂ ಈಗ ಬೇರೆಯವರಿರಬಹುದು. ಹಳೆಯ, ಹೊಸ ಹಿಸ್ಸೆ ಎರಡನ್ನೂ ಬರೆಯಿರಿ, ದಾವೆಗೆ ಮುಂಚೆಯೇ ಹದ್ದುಬಸ್ತು (ಗಡಿ ಗುರುತಿಸುವ) ಅಳತೆ ಮಾಡಿಸಿ. ಗಡಿಯ ತಕರಾರು ಎದ್ದರೆ ಭೂಮಾಪಕರನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಲು ಅರ್ಜಿ ಹಾಕಬಹುದು. ಜಾಗ ಇದೇ ಎಂದು ಗುರುತಿಸಲಾಗದ ಡಿಕ್ರಿಯನ್ನು ಜಾರಿ ಮಾಡಲು ಆಗದು. ತಾಯಿ, ಅಕ್ಕ-ತಂಗಿಯರೂ ತಂದೆಯ ವಾರಸುದಾರರೇ. ಅವರನ್ನು ದಾವೆಗೆ ಸೇರಿಸದಿದ್ದರೆ ಎದುರಿನ ವಕೀಲರು ಮೊದಲು ಎತ್ತುವ ಆಕ್ಷೇಪ ಅದೇ.

ದಾವೆಯ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರ ಅಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಿ, ಕೊಯ್ಲು ನಿಲ್ಲದಿರಲಿ. ಎದುರಿನವರು ಮೊದಲೇ ದಾವೆ ಹಾಕುವ ಅನುಮಾನವಿದ್ದರೆ ಕೇವಿಯಟ್ (ನಿಮ್ಮನ್ನು ಕೇಳದೆ ಆದೇಶ ಕೊಡಬಾರದೆಂಬ ಮುಂಗಡ ಅರ್ಜಿ) ಹಾಕಿಡಿ. ಅದು 90 ದಿನ ಜೀವಂತ.

ಪ್ರಶ್ನೆ: ಅಜ್ಜನ ಕಾಲದಿಂದ ನಮ್ಮ ಮನೆತನ ಗೇಣಿಗೆ ಮಾಡುತ್ತಿದ್ದ ಗದ್ದೆಯನ್ನು ಭೂ ನ್ಯಾಯಮಂಡಳಿ ದೊಡ್ಡಪ್ಪನೊಬ್ಬರ ಹೆಸರಿಗೆ ಮಂಜೂರು ಮಾಡಿದೆ. ಈಗ ಅವರ ಮಕ್ಕಳು ಪಾಲಿಲ್ಲ ಎನ್ನುತ್ತಾರೆ. ಮಂಡಳಿಯ ಆದೇಶವನ್ನು ಸಿವಿಲ್ ಕೋರ್ಟು ಮುಟ್ಟುವುದಿಲ್ಲವಂತೆ?
– ಓದುಗರು, ಅಂಕೋಲಾ

ಉತ್ತರ: ಆದೇಶವನ್ನು ಮುಟ್ಟುವುದಿಲ್ಲ, ನಿಜ. ಆದರೆ ನೀವು ಅದನ್ನು ರದ್ದು ಮಾಡಿ ಎಂದು ಕೇಳುತ್ತಿಲ್ಲವಲ್ಲ. ಗೇಣಿ ಅವಿಭಕ್ತ ಕುಟುಂಬದ್ದಾಗಿದ್ದರೆ, ಒಬ್ಬರ ಹೆಸರಿಗೆ ಬಂದ ಅಧಿಭೋಗದ ಹಕ್ಕೂ (ಗೇಣಿದಾರನಿಗೆ ಮಂಡಳಿ ಕೊಡುವ ಹಕ್ಕು) ಕುಟುಂಬಕ್ಕೇ ಸೇರುತ್ತದೆ ಎಂದು ನಮ್ಮ ಹೈಕೋರ್ಟ್ ಒಪ್ಪಿದೆ. ಆದ್ದರಿಂದ ಪಾಲಿನ ದಾವೆ ಹಾಕಬಹುದು. ನಿಮ್ಮನ್ನು ಪಾಲಿನಿಂದ ಹೊರಗಿಟ್ಟದ್ದು ತಿಳಿದ ದಿನದಿಂದ ಅದಕ್ಕೆ 12 ವರ್ಷ ಅವಧಿ.

ನ್ಯಾಯಮಂಡಳಿಯ ಕಡತದ ದೃಢೀಕೃತ ನಕಲು ಮೊದಲು ಪಡೆಯಿರಿ. ನಮೂನೆ 7ರಲ್ಲಿ (ಗೇಣಿದಾರ ಮಂಡಳಿಗೆ ಕೊಡುವ ಅರ್ಜಿ), ವಿಚಾರಣೆಯ ಹೇಳಿಕೆಯಲ್ಲಿ ದೊಡ್ಡಪ್ಪ ಏನು ಬರೆಸಿದ್ದಾರೆ ಎಂಬುದರ ಮೇಲೆ ದಾವೆಯ ಬಹುಪಾಲು ನಿಂತಿದೆ. 1974ರ ಮಾರ್ಚ್ 1ಕ್ಕೆ (ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದ ದಿನ) ಹಿಂದಿನ ಪಹಣಿಗಳ ಸಾಗುವಳಿ ಕಾಲಮ್ಮಿನಲ್ಲಿ ಅಜ್ಜನ ಹೆಸರಿದೆಯೇ ನೋಡಿ. ಗೇಣಿ ರಸೀದಿಗಳಿದ್ದರೆ ಇನ್ನೂ ಬಲ. ಆ ದಿನಾಂಕಕ್ಕೆ ಮೊದಲೇ ಮನೆ ಪಾಲಾಗಿ ದೊಡ್ಡಪ್ಪ ಬೇರೆಯಾಗಿ ಉಳುತ್ತಿದ್ದರೆ ನಿಮ್ಮ ವಾದ ದುರ್ಬಲ.

ಗೆದ್ದರೆ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ, ಅದು ಪಾಲಿನ ಪ್ರಮಾಣವನ್ನಷ್ಟೇ ಹೇಳುತ್ತದೆ. ಕಂದಾಯದ ಜಮೀನನ್ನು ಭಾಗ ಮಾಡುವ ಕೆಲಸವನ್ನು, ಬೇಕಿದ್ದರೆ ತಹಶೀಲ್ದಾರ್ ದರ್ಜೆಗೆ ಕಡಿಮೆಯಲ್ಲದ ಕಂದಾಯ ಅಧಿಕಾರಿಯ ವರದಿ ತರಿಸಿಕೊಂಡು, ನ್ಯಾಯಾಲಯವೇ ಮಾಡಬೇಕು. ಅದಕ್ಕೆ ಅರ್ಜಿ ಹಾಕದೆ, ಗೆದ್ದೆವೆಂದು ಸುಮ್ಮನೆ ಕೂತರೆ ಗದ್ದೆ ಕೈಗೆ ಬರುವುದಿಲ್ಲ.

ಪ್ರಶ್ನೆ: ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟದ ಒಡೆತನವನ್ನು ಕೋರ್ಟಿನಲ್ಲಿ ಘೋಷಿಸಿಕೊಳ್ಳಬಹುದೇ?
– ಓದುಗರು, ಸಿದ್ದಾಪುರ

ಉತ್ತರ: ಇಲ್ಲ. ಬೆಟ್ಟ ಮಾಲ್ಕಿ ಜಮೀನಲ್ಲ, ಸರ್ಕಾರದ್ದು. ಸೊಪ್ಪು, ದರಕು (ಒಣ ಎಲೆ) ತರುವ ಸೌಲಭ್ಯವನ್ನು ಭೂಕಂದಾಯ ಕಾಯ್ದೆಯ ಕಲಂ 79 ಉಳಿಸಿಕೊಟ್ಟಿದೆ, ಅಷ್ಟೇ. ಪಕ್ಕದವರು ಬೇಲಿ ಹಾಕಿ ಅಡ್ಡಿ ಮಾಡಿದರೆ ಆ ಸೌಲಭ್ಯಕ್ಕೆ ಮಾತ್ರ ರಕ್ಷಣೆ ಕೇಳಿ, ದಾವಾಪತ್ರದಲ್ಲಿ ಎಲ್ಲೂ ‘ಮಾಲೀಕರು’ ಎಂದು ಬರೆಸಬೇಡಿ. ಸರ್ಕಾರವನ್ನು ಪ್ರತಿವಾದಿ ಮಾಡುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಮುಂಚೆಯೂ ಹೂಡಬಹುದು.