ವೇಗದ ಕಾರಿಗೆ ಹೊಂದುವ ಅಗ್ಗದ ಸ್ಟೆಪ್ನಿ ಹುಡುಕುವುದು ಹೇಗೆ?

ಅದೇ ಕಂಪನಿಯ ಸಾಮಾನ್ಯ ಮಾದರಿಯಿಂದ ಕಳಚಿದ, ಬಳಸಿದ ಮೂಲ ಚಕ್ರವನ್ನು ಹುಡುಕಿ. ಅಗ್ಗವೂ ಭದ್ರವೂ ಆದ ದಾರಿ ಅದೇ. ಆದರೆ ಅದು ನಿಮ್ಮ ಕಾರಿನ ಬ್ರೇಕಿಗೆ ತಾಗದೆ ಕೂರುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನ ನೋಡಲೇಬೇಕು.

ತೊಡಕು ಇರುವುದೇ ಅಲ್ಲಿ. ವೇಗದ ಕಾರುಗಳಲ್ಲಿ ಬ್ರೇಕ್ ಡಿಸ್ಕ್ ದೊಡ್ಡದು, ಅದನ್ನು ಅದುಮಿ ಹಿಡಿಯುವ ಕ್ಯಾಲಿಪರ್ ದಪ್ಪ. ಬೋಲ್ಟ್ ರಂಧ್ರಗಳೆಲ್ಲ ಹೊಂದಿದರೂ ಚಿಕ್ಕ ರಿಮ್ಮಿನ ಒಳಮೈಯೋ ಕಡ್ಡಿಗಳ ಹಿಂಬದಿಯೋ ಕ್ಯಾಲಿಪರ್‌ಗೆ ಉಜ್ಜಬಹುದು. ಟೈರಿಲ್ಲದ ರಿಮ್ಮನ್ನು ಮುಂದಿನ ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ತೊಡಿಸಿ, ಬೋಲ್ಟ್ ಬಿಗಿದು, ಕೈಯಿಂದ ತಿರುಗಿಸಿ ನೋಡಿ. ಇದಕ್ಕಿಂತ ನಂಬಬಹುದಾದ ಪರೀಕ್ಷೆ ಇಲ್ಲ. ಮುಂದಿನ ಬ್ರೇಕೇ ಸಾಮಾನ್ಯವಾಗಿ ದೊಡ್ಡದಾದ್ದರಿಂದ ಹಿಂದೆ ಮಾತ್ರ ತೊಡಿಸಿ ನೋಡಿದರೆ ಸಾಲದು.

ಬೋಲ್ಟ್‌ಗಳ ಜೋಡಣೆಯ ಅಳತೆ ಒಂದೇ ಆಗಿದ್ದರೆ ಬೇರೆ ಕಂಪನಿಯ ಚಕ್ರವೂ ಆಗಬಹುದು. ಉದಾಹರಣೆಗೆ, 5×112 ಎಂದರೆ 112 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟ್. ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಎರಡರಲ್ಲೂ ಇದು ಸಾಮಾನ್ಯ. ಆದರೆ ನಡುವಿನ ರಂಧ್ರ ಫೋಕ್ಸ್‌ವ್ಯಾಗನ್‌ನ ಗಾಲ್ಫ್ ಕಾರಿನದು 57.1 ಮಿ.ಮೀ., ಮರ್ಸಿಡಿಸ್‌ನದು 66.6. ದೊಡ್ಡ ರಂಧ್ರಕ್ಕೆ ಉಂಗುರ ಕೂರಿಸಿ ಸರಿಪಡಿಸಬಹುದು, ಚಿಕ್ಕದು ಹಬ್ಬಿಗೆ ಏರುವುದೇ ಇಲ್ಲ. ಬೋಲ್ಟಿನ ತಲೆ ಕೂರುವ ಗುಳಿಯ ಆಕಾರವೂ ಒಂದೇ ಆಗಿರಬೇಕು. ಗೋಳಾಕಾರದ ಗುಳಿಗೆ ಶಂಕುವಿನಾಕಾರದ ಬೋಲ್ಟ್ ಹಾಕಿದರೆ ಅದು ಸಡಿಲವಾಗುವ ಅಪಾಯವಿದೆ.

ಟೈರು ಹಾಕಿದ ಮೇಲೆ ಒಟ್ಟು ಎತ್ತರ ಉಳಿದ ಚಕ್ರಗಳಿಗೆ ಆದಷ್ಟು ಸಮೀಪವಿರಲಿ. ಬಿರುಕಿಗೆ ಬೆಸುಗೆ ಹಾಕಿದ ಅಲಾಯ್ ರಿಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ದಯವಿಟ್ಟು ಕೊಳ್ಳಬೇಡಿ.