ಓದುಗರ ಪ್ರಶ್ನೆ: ನೊಂದ ಮಕ್ಕಳಿಗೆ ಯೋಗ ಕಲಿಸುವಾಗ

ಪ್ರಶ್ನೆ: ಕಾರವಾರದ ಸಮೀಪ ಬಾಲಕಿಯರ ವಸತಿಗೃಹವೊಂದರಲ್ಲಿ ಬೆಳಿಗ್ಗೆ ಯೋಗ ತರಗತಿ ನಡೆಸುತ್ತಿದ್ದೇನೆ. ಮಕ್ಕಳು 12ರಿಂದ 17 ವರ್ಷದವರು. ಹಲವರು ಮನೆಯಲ್ಲಿಯೇ ಹಿಂಸೆ ಅನುಭವಿಸಿ ಬಂದವರು. ಶವಾಸನ ಎಂದೊಡನೆ ಒಬ್ಬಳು ಎದ್ದು ಹೊರಗೆ ಹೋಗುತ್ತಾಳೆ. ತ್ರಿಕೋನಾಸನವನ್ನು ತಿದ್ದಲೆಂದು ಭುಜ ಮುಟ್ಟಿದಾಗ ಇನ್ನೊಬ್ಬಳ ಮೈ ಸೆಟೆದುಕೊಂಡಿತು. ಮಳೆ ಜೋರಾದರೆ ಮತ್ತೊಬ್ಬಳು ಆಸನ ಬಿಟ್ಟು ಬಾಗಿಲ ಬಳಿ ನಿಲ್ಲುತ್ತಾಳೆ. ಯೋಗದಿಂದ ಮಕ್ಕಳಲ್ಲಿ ಶಿಸ್ತು ಮೂಡಲಿ ಎಂಬುದು ಮೇಲ್ವಿಚಾರಕರ ಅಪೇಕ್ಷೆ. ಇವರಿಗೆ ಹೇಗೆ ಕಲಿಸಬೇಕು? ಯೋಗದಿಂದ ಇವರ ನೋವು ಗುಣವಾಗುತ್ತದೆಯೇ?
– ಯೋಗ ಶಿಕ್ಷಕಿ, ಕಾರವಾರ

ಉತ್ತರ: ಮಕ್ಕಳ ಗುರುತು ಸಿಗಬಹುದಾದ ವಿವರಗಳನ್ನು ನಿಮ್ಮ ಪತ್ರದಿಂದ ತೆಗೆದು ಪ್ರಕಟಿಸಿದ್ದೇವೆ. ನೀವು ವಿವರಿಸಿದ ಮೂವರಲ್ಲಿ ಯಾರದೂ ಅಶಿಸ್ತಲ್ಲ. ಅಪಾಯ ಕಳೆದು ಎಷ್ಟೋ ಕಾಲವಾದ ಮೇಲೂ ದೇಹ ಅದರ ಎಚ್ಚರದಿಂದ ಹೊರಬಂದಿರುವುದಿಲ್ಲ. ಹಳೆಯ ಘಟನೆಯನ್ನು ಹೋಲುವ ಒಂದು ಭಂಗಿ, ಒಂದು ಸ್ಪರ್ಶ, ಒಂದು ಸದ್ದು ಸಾಕು, ಮನಸ್ಸು ಯೋಚಿಸುವ ಮೊದಲೇ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಇಲ್ಲವೇ ಇಡೀ ಮೈ ಮರಗಟ್ಟುತ್ತದೆ. ಶವಾಸನವನ್ನು ನಾವು ವಿಶ್ರಾಂತಿಯೆಂದು ಭಾವಿಸುತ್ತೇವೆ. ಆದರೆ ಮಂದ ಬೆಳಕು, ಅಂಗಾತ ಮಲಗಿದ ದೇಹ, ಮುಚ್ಚಿದ ಕಣ್ಣು, ಸುತ್ತ ಸದ್ದಿಲ್ಲದೆ ಓಡಾಡುವ ಹಿರಿಯರೊಬ್ಬರು, ಇವಿಷ್ಟೂ ಒಟ್ಟಿಗೆ ಸೇರಿದಾಗ, ರಾತ್ರಿ ಹೊತ್ತು ಹಿಂಸೆಗೆ ಒಳಗಾದ ಹುಡುಗಿಗೆ ಅದು ಏನನ್ನು ನೆನಪಿಸಬಹುದೆಂದು ಯೋಚಿಸಿ ನೋಡಿ. ಅವಳು ಎದ್ದು ಹೋಗುವುದು ತನ್ನನ್ನು ಕಾಪಾಡಿಕೊಳ್ಳಲಿಕ್ಕೆ. ಹಾಗೆ ಎದ್ದು ಹೋಗಲು ಅವಳಿಗೆ ಸಾಧ್ಯವಾಗುತ್ತಿದೆ ಎಂಬುದೇ ನಿಮ್ಮ ತರಗತಿಯ ಬಗ್ಗೆ ಒಳ್ಳೆಯ ಸೂಚನೆ ಎಂದು ನಾನು ತಿಳಿಯುತ್ತೇನೆ.

ಆದ್ದರಿಂದ ಈ ಮಕ್ಕಳಿಗೆ ನೀವು ಕಲಿಸಬೇಕಾದದ್ದು ಆಸನದ ಅಂದಕ್ಕಿಂತ ಮುಂಚೆ, ತಮ್ಮ ದೇಹದ ವಿಷಯದಲ್ಲಿ ತಾವೇ ತೀರ್ಮಾನ ತೆಗೆದುಕೊಳ್ಳಬಹುದು ಎಂಬುದನ್ನು. "ಕಣ್ಣು ಮುಚ್ಚಿ" ಎನ್ನುವ ಬದಲು "ಕಣ್ಣು ಮುಚ್ಚಬಹುದು, ಇಲ್ಲವೇ ನೆಲದ ಮೇಲೆ ಒಂದು ಕಡೆ ದೃಷ್ಟಿ ಇಡಬಹುದು" ಎನ್ನಿ. ಕೊನೆಯ ವಿಶ್ರಾಂತಿಗೆ ಗೋಡೆಗೆ ಒರಗಿ ಕೂರುವುದು, ಮಗ್ಗುಲಾಗಿ ಮಲಗುವುದು, ಬಾಗಿಲು ಕಾಣುವಂತೆ ಕೂರುವುದು, ಇವೆಲ್ಲವೂ ಶವಾಸನದಷ್ಟೇ ಸರಿ ಎಂದು ಎಲ್ಲರ ಮುಂದೆ ಹೇಳಿಬಿಡಿ. ಆಗ ಎದ್ದವಳು ಬೇರೆಯವಳಾಗಿ ಕಾಣುವುದಿಲ್ಲ. ದೀಪ ಆರಿಸಬೇಡಿ, ಬಾಗಿಲಿಗೆ ಚಿಲಕ ಹಾಕಬೇಡಿ, ನೀವು ನಿಮ್ಮ ಚಾಪೆಯ ಮೇಲೆಯೇ ಇರಿ. ಏಳಬೇಕಾದರೆ "ಕಿಟಕಿ ತೆರೆಯಲು ಹೋಗುತ್ತಿದ್ದೇನೆ" ಎಂದು ಹೇಳಿ ಏಳಿ. ಚಾಪೆಗಳನ್ನು ಸಾಲುಸಾಲಾಗಿ ಹಾಸದೆ, ಎಲ್ಲರ ಬೆನ್ನೂ ಗೋಡೆಯ ಕಡೆಗಿರುವಂತೆ ಸುತ್ತ ಹಾಸಿ. ಕೈಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಂತಹ ಭಂಗಿಯಲ್ಲಿ ಹಿಂದೆ ಯಾರೋ ಇದ್ದಾರೆ ಎಂಬ ಅಳುಕು ಹದಿಹರೆಯದ ಯಾವ ಹುಡುಗಿಗೂ ಇರುತ್ತದೆ. ಇವರಿಗೆ ಇನ್ನೂ ಹೆಚ್ಚು.

ಮುಟ್ಟಿ ತಿದ್ದುವುದನ್ನು ಪೂರ್ತಿ ಬಿಟ್ಟುಬಿಡಿ. ಅನುಮತಿ ಕೇಳಿ ಮುಟ್ಟಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಹಿರಿಯರು ಕೇಳಿದ್ದಕ್ಕೆಲ್ಲ "ಹೂಂ" ಎನ್ನುವುದು ರೂಢಿಯಾಗಿಬಿಟ್ಟ ಮಗುವಿನ ಒಪ್ಪಿಗೆಗೆ ಎಷ್ಟು ಬೆಲೆ ಕೊಡಬಹುದು? ತ್ರಿಕೋನಾಸನ ಸ್ವಲ್ಪ ವಾರೆಯಾದರೆ ಆಗುವ ನಷ್ಟ ಬಹಳ ಚಿಕ್ಕದು.

ಉಸಿರಿನ ವಿಷಯದಲ್ಲಿ ಎಚ್ಚರ ಬೇಕು. ವೇಗದ ಉಸಿರಾಟದ ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ ಈ ಗುಂಪಿಗೆ ಬೇಡ. ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇವೇ ಭಯದ ಲಕ್ಷಣಗಳೂ ಆಗಿರುವುದರಿಂದ ಮಗುವಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಸುಮ್ಮನೆ ಉಸಿರನ್ನು ಗಮನಿಸುವುದು ಕೂಡ ಕೆಲವರಿಗೆ ಹಿಂಸೆಯಾಗಬಹುದು. ಕೈ ಎತ್ತುತ್ತ ಉಸಿರು ತೆಗೆದುಕೊಂಡು, ಇಳಿಸುತ್ತ ನಿಧಾನವಾಗಿ ಬಿಡುವುದು, ನೇರವಾಗಿ ನಿಲ್ಲುವ ತಾಡಾಸನದಲ್ಲಿ ಪಾದಗಳ ಭಾರವನ್ನು ಗಮನಿಸುವುದು, ಗೋಡೆ ಹಿಡಿದು ವೃಕ್ಷಾಸನ, ವೀರಭದ್ರಾಸನ, ಇಷ್ಟರಿಂದ ಆರಂಭಿಸಿದರೆ ಸಾಕು. ಅರ್ಧ ಗಂಟೆ ಮೀರದಿರಲಿ, ದಿನವೂ ಕ್ರಮ ಒಂದೇ ಇರಲಿ. ಮುಂದೆ ಏನು ಬರುತ್ತದೆ ಎಂದು ಗೊತ್ತಿರುವುದೇ ಇವರಿಗೆ ದೊಡ್ಡ ನೆಮ್ಮದಿ. ಮೇಲ್ವಿಚಾರಕರು ಬಯಸುವ ಶಿಸ್ತಿನಲ್ಲಿ ಯೋಗ್ಯವಾದ ಭಾಗವೂ ಅದೇ.

ಮಳೆಗೆ ಹೆದರುವ ಹುಡುಗಿಯ ಹಿನ್ನೆಲೆ ನಿಮ್ಮ ಪತ್ರದಲ್ಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಬಳಿಕ, ಆಷಾಢದ ಮಳೆಯ ಸದ್ದಿಗೆ ಬೆಚ್ಚುವವರು ನಮ್ಮ ಕರಾವಳಿಯಲ್ಲಿ ಮಕ್ಕಳಷ್ಟೇ ಅಲ್ಲ. ಕಾರಣ ಕೆದಕದೆ, "ಮಳೆ ಜೋರಾಗಿದೆ, ಸದ್ದು ನನಗೂ ಕೇಳಿಸುತ್ತಿದೆ, ಬಾಗಿಲ ಬಳಿಯೇ ನಿಂತು ಮಾಡಬಹುದು" ಎಂದು ಹೇಳಿದರೆ ಸಾಕು. ಯಾರಾದರೂ ಮರಗಟ್ಟಿದರೆ "ಏನಾಯಿತು, ಯಾಕೆ" ಎಂದು ವಿಚಾರಿಸಬೇಡಿ. ಸಹಜ ಧ್ವನಿಯಲ್ಲಿ ಹೆಸರು ಹಿಡಿದು ಕರೆದು, ಇಂದು ಯಾವ ವಾರ, ಎಲ್ಲಿದ್ದೇವೆ ಎಂಬುದನ್ನು ಹೇಳಿ, ಪಾದವನ್ನು ನೆಲಕ್ಕೆ ಒತ್ತುವಂತೆ, ಕೋಣೆಯಲ್ಲಿ ಕಾಣುವ ಕೆಲವು ವಸ್ತುಗಳನ್ನು ಹೆಸರಿಸುವಂತೆ ಸೂಚಿಸಿ.

ಗುಣವಾಗುತ್ತದೆಯೇ ಎಂದು ಕೇಳಿದ್ದೀರಿ. ಅಮೆರಿಕದ ಬಾಸ್ಟನ್ ಸಮೀಪದ ಆಘಾತ ಚಿಕಿತ್ಸಾ ಕೇಂದ್ರವೊಂದರಲ್ಲಿ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 64 ಮಹಿಳೆಯರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ವಾರಗಳ ನಂತರ ಯೋಗದ ಗುಂಪಿನ ಶೇ 52ರಷ್ಟು ಮಂದಿಯಲ್ಲಿ ಆಘಾತೋತ್ತರ ಕಾಯಿಲೆಯ (ಹಿಂಸೆಯಂತಹ ಆಘಾತದ ನಂತರ ಮನಸ್ಸಿನಲ್ಲಿ ಉಳಿಯುವ ತೊಂದರೆ) ಲಕ್ಷಣಗಳು ರೋಗನಿರ್ಣಯದ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಯೋಗ ಮಾಡದ ಹೋಲಿಕೆಯ ಗುಂಪಿನಲ್ಲಿ ಈ ಪ್ರಮಾಣ ಶೇ 21. ಭರವಸೆಯ ಫಲಿತಾಂಶ ಇದು. ಆದರೆ ಅವರೆಲ್ಲ ವಯಸ್ಕರು, ಮೊದಲೇ ಚಿಕಿತ್ಸೆ ಪಡೆದವರು. ನಮ್ಮ ಬಾಲಕಿಯರಿಗೂ ಹೀಗೆಯೇ ಆಗುತ್ತದೆ ಎಂದು ಅದನ್ನು ತೋರಿಸಿ ಹೇಳುವಂತಿಲ್ಲ. ಯೋಗ ಚಿಕಿತ್ಸೆಯ ಜೊತೆಗಿರಲಿ, ಅದರ ಜಾಗಕ್ಕೆ ಬರುವುದು ಬೇಡ. ನಿದ್ದೆಗೆಟ್ಟ, ಊಟ ಬಿಟ್ಟ, ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುವ ಮಗುವನ್ನು ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು. ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಜೂನ್ 21ರ ಯೋಗ ದಿನ ಬಂತೆಂದರೆ ಇಂತಹ ಮಕ್ಕಳನ್ನು ಅಧಿಕಾರಿಗಳ ಮುಂದೆ ಸಾಲಾಗಿ ಕೂರಿಸಿ ಫೋಟೊ ತೆಗೆಯುವ ಉತ್ಸಾಹ ಕೆಲವರಲ್ಲಿ ಉಕ್ಕುತ್ತದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತಾಗಲಿ ಚಿತ್ರವಾಗಲಿ ಪ್ರಕಟವಾಗಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಆ ಕಲಮನ್ನು ತೋರಿಸಿಯೇ ಬೇಡ ಎನ್ನಿ.

ಪ್ರಶ್ನೆ: ನಾನು ಶಿರಸಿ ಕಡೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಯೋಗ ತರಗತಿ ಮುಗಿದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಸಂಬಂಧಿಕನೊಬ್ಬ ತನ್ನೊಂದಿಗೆ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದಾನೆ ಎಂದು ಅಳುತ್ತ ಹೇಳಿದಳು. "ಯಾರಿಗೂ ಹೇಳಬೇಡಿ ಸರ್" ಎಂದಳು. ಏನು ಮಾಡಲಿ?
– ಶಿರಸಿ ತಾಲ್ಲೂಕು

ಉತ್ತರ: ಹೇಳಲೇಬೇಕು. 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಬಾಲಪೊಲೀಸ್ ಘಟಕಕ್ಕೆ ತಿಳಿಸಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ವಿಧಿಸುತ್ತದೆ, ತಿಳಿಸದಿರುವುದು ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಆದರೆ ಮೊದಲು ಅವಳಿಗೇ ಹೇಳಿ: "ನೀನು ಹೇಳಿದ್ದು ಒಳ್ಳೆಯದಾಯಿತಮ್ಮ, ಇದರಲ್ಲಿ ನಿನ್ನ ತಪ್ಪಿಲ್ಲ. ನಿನ್ನನ್ನು ಕಾಪಾಡಬೇಕಾದವರಿಗೆ ನಾನು ತಿಳಿಸಬೇಕು, ಬೇರೆ ಯಾರಿಗೂ ಹೇಳುವುದಿಲ್ಲ." ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕೆಂಬ ನಿಯಮವಿದೆ; ಇದನ್ನು ತಿಳಿಸಿದರೆ ಅವಳ ಅರ್ಧ ಹೆದರಿಕೆ ಇಳಿಯಬಹುದು. ನೀವೇ ಮತ್ತೆ ಮತ್ತೆ ಪ್ರಶ್ನಿಸಬೇಡಿ. ಅವಳು ಆಡಿದ ಮಾತನ್ನು ಆಡಿದಂತೆಯೇ ಬರೆದಿಟ್ಟುಕೊಳ್ಳಿ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಹಿರಿಯರನ್ನು ಕೂರಿಸಿ ಮಾತುಕತೆ ಮಾಡಿಸುವುದು, ಆ ಸಂಬಂಧಿಕನನ್ನು ಕರೆಸಿ ಗದರಿಸುವುದು ಖಂಡಿತ ಬೇಡ; ಅದರ ಫಲವನ್ನು ಉಣ್ಣುವವಳು ಮನೆಗೆ ಮರಳುವ ಹುಡುಗಿ. ಮುಖ್ಯೋಪಾಧ್ಯಾಯರಿಗೆ ಅಗತ್ಯವಾಗಿ ತಿಳಿಸಿ, ಆದರೆ ಅವರಿಗೆ ಹೇಳಿದ ಮಾತ್ರಕ್ಕೆ ಕಾಯ್ದೆ ನಿಮಗೆ ವಹಿಸಿದ ಹೊಣೆ ಮುಗಿಯುವುದಿಲ್ಲ. ಈ ಪತ್ರ ಅಚ್ಚಾಗುವವರೆಗೆ ಕಾಯುವುದು ಸರಿಯಲ್ಲವೆಂದು ಇಷ್ಟನ್ನೂ ನಿಮಗೆ ಫೋನಿನಲ್ಲಿ ಆಗಲೇ ತಿಳಿಸಿದ್ದೇವೆ.